ಸಿರೊಟೋನಿನ್ ಸಿದ್ಧಾಂತ ಬಿದ್ದರೆ ಮಾತ್ರೆಯೂ ಬಿದ್ದಂತೆಯೇ?

ಪ್ರಶ್ನೆ: ನನ್ನ ತಾಯಿಗೆ 64 ವರ್ಷ. ತಂದೆಯವರು ತೀರಿಕೊಂಡ ಮೇಲೆ ಹಾಸನದ ಮನೆ ಬಿಟ್ಟು ಬನಶಂಕರಿಯಲ್ಲಿ ನಮ್ಮ ಜೊತೆಗೇ ಇದ್ದಾರೆ. ಹಲವು ತಿಂಗಳಿಂದ ಊಟ, ನಿದ್ದೆ, ಮಾತು ಎಲ್ಲವೂ ಕಡಿಮೆಯಾಗುತ್ತ ಬಂದಾಗ ಮನೋವೈದ್ಯರಿಗೆ ತೋರಿಸಿದೆವು. ಅವರು ಖಿನ್ನತೆ ಎಂದು ಹೇಳಿ ಎಸಿಟಲೋಪ್ರಾಮ್ ಮಾತ್ರೆ ಬರೆದುಕೊಟ್ಟಿದ್ದಾರೆ. ಎರಡು ವಾರ ಕಳೆದರೂ ಗುಣ ಕಂಡಿಲ್ಲ. ಮಿದುಳಿನಲ್ಲಿ ಸಂದೇಶ ಒಯ್ಯುವ ಸಿರೊಟೋನಿನ್ ಎಂಬ ರಾಸಾಯನಿಕದ ಕೊರತೆಯಿಂದ ಖಿನ್ನತೆ ಬರುತ್ತದೆಂಬ ಮಾತು ಸುಳ್ಳೆಂದು 2022ರಲ್ಲೇ ತೀರ್ಮಾನವಾಗಿದೆ ಎಂದು ಈಚೆಗೆ ಓದಿದೆ. ಹಾಗಿದ್ದರೆ ಆ ಮಾತ್ರೆ ಏಕೆ ಬೇಕು? ಮೊದಲು ರಕ್ತದಲ್ಲಿ ಸಿರೊಟೋನಿನ್ ಎಷ್ಟಿದೆಯೆಂದು ಪರೀಕ್ಷೆ ಮಾಡಿಸಬೇಕೇ? ಬಾಳೆಹಣ್ಣಿನಂಥ ಆಹಾರದಿಂದಲೇ ಅದನ್ನು ಹೆಚ್ಚಿಸಲು ಆಗುವುದಿಲ್ಲವೇ?

ಉತ್ತರ: ನಾನು ಮನೋವೈದ್ಯನಲ್ಲ. ಔಷಧದ ಅಣುಗಳನ್ನು ರೂಪಿಸುವ, ಬದಲಿಸುವ, ಪರೀಕ್ಷಿಸುವ ರಸಾಯನಶಾಸ್ತ್ರ ನನ್ನ ವೃತ್ತಿ. ಆದ್ದರಿಂದ ನಿಮ್ಮ ತಾಯಿಯವರಿಗೆ ಎಷ್ಟು ಪ್ರಮಾಣ ಬೇಕು, ಎಷ್ಟು ಕಾಲ ಬೇಕು ಎಂಬುದನ್ನು ಅವರನ್ನು ಎದುರಿಗೆ ಕೂರಿಸಿಕೊಂಡು ಮಾತನಾಡಿಸಿದ ವೈದ್ಯರೇ ಹೇಳಬೇಕು. ಆದರೆ ಆ ಮಾತ್ರೆಯೊಳಗಿನ ಅಣು ದೇಹದಲ್ಲಿ ಏನನ್ನು ಹಿಡಿಯುತ್ತದೆ, ಅದು ಹೇಗೆ ಹುಟ್ಟಿತು, ಅದರ ಬಗ್ಗೆ ನಮಗೆ ಖಚಿತವಾಗಿ ತಿಳಿದಿರುವುದೇನು ಎಂಬುದನ್ನು ಹೇಳಬಲ್ಲೆ. ಮೊದಲಿಗೆ ಒಂದು ಮಾತನ್ನು ನೇರವಾಗಿ ಹೇಳಿಬಿಡುತ್ತೇನೆ: ನೀವು ಓದಿದ ಸುದ್ದಿಯ ಆಧಾರದ ಮೇಲೆ ಮಾತ್ರೆಯನ್ನು ದಯವಿಟ್ಟು ನಿಲ್ಲಿಸಬೇಡಿ. ಔಷಧ ಯಾವುದರ ಮೇಲೆ ಕೆಲಸ ಮಾಡುತ್ತದೆ ಎಂಬುದು ಒಂದು ಪ್ರಶ್ನೆ, ಕಾಯಿಲೆ ಯಾವುದರಿಂದ ಬಂತು ಎಂಬುದು ಇನ್ನೊಂದು ಪ್ರಶ್ನೆ, ಔಷಧ ತೆಗೆದುಕೊಂಡವರು ಸುಧಾರಿಸುತ್ತಾರೆಯೇ ಎಂಬುದು ಮೂರನೆಯದು. ಈ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಜನರಿಗೆ ಹೇಳಿದ್ದರಿಂದಲೇ ಇಂದಿನ ಗೊಂದಲ ಹುಟ್ಟಿದೆ.

ಇತಿಹಾಸದಲ್ಲಿ ಔಷಧ ಮೊದಲು ಬಂತು, ವಿವರಣೆ ಆಮೇಲೆ ಬಂತು. 1948ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಮಾರಿಸ್ ರ‍್ಯಾಪೊರ್ಟ್, ಆರ್ಡಾ ಗ್ರೀನ್ ಮತ್ತು ಇರ್ವಿನ್ ಪೇಜ್ ದನದ ರಕ್ತದ ಸೀರಮ್‌ನಿಂದ ಸಿರೊಟೋನಿನ್ ಅನ್ನು ಬೇರ್ಪಡಿಸಿದಾಗ ಅವರಿಗೆ ಬೇಕಾಗಿದ್ದುದು ರಕ್ತನಾಳಗಳನ್ನು ಸಂಕುಚಿಸುವ ಒಂದು ವಸ್ತು. ಮನಸ್ಸಿನ ಯೋಚನೆ ಅಲ್ಲಿರಲಿಲ್ಲ. ಮಿದುಳಿನಲ್ಲೂ ಅದು ಇದೆ ಎಂದು ಬೆಟ್ಟಿ ಟ್ವಾರೊಗ್ ಎಂಬ ಯುವ ವಿಜ್ಞಾನಿ ಪೇಜ್ ಅವರೊಂದಿಗೆ 1953ರಲ್ಲಿ ತೋರಿಸಿದರು. ಅದೇ ದಶಕದಲ್ಲಿ ಕ್ಷಯರೋಗಕ್ಕೆಂದು ಕೊಟ್ಟ ಇಪ್ರೊನಯಾಜಿಡ್‌ನಿಂದ ರೋಗಿಗಳು ವಿಶೇಷವಾಗಿ ಲವಲವಿಕೆಯಿಂದ ಇರುವುದು ಕಂಡುಬಂತು. ಸ್ವಿಟ್ಜರ್ಲೆಂಡಿನ ಮುನ್‌ಸ್ಟರ್ಲಿಂಗೆನ್ ಆಸ್ಪತ್ರೆಯಲ್ಲಿ ರೋಲಾಂಡ್ ಕೂನ್ ಎಂಬ ಮನೋವೈದ್ಯರು ಸ್ಕಿಜೋಫ್ರೇನಿಯಾಕ್ಕೆ ಪ್ರಯೋಜನಕ್ಕೆ ಬಾರದ ಇಮಿಪ್ರಮೀನ್ ತೀವ್ರ ಖಿನ್ನತೆಯವರಲ್ಲಿ ಫಲ ಕೊಡುವುದನ್ನು ಗಮನಿಸಿ 1957ರಲ್ಲಿ ಪ್ರಕಟಿಸಿದರು. ಇವು ಹೇಗೆ ಕೆಲಸ ಮಾಡುತ್ತವೆ ಎಂಬುದು ಆಗ ಯಾರಿಗೂ ಸ್ಪಷ್ಟವಿರಲಿಲ್ಲ.

ಈ ಕಥೆಗೆ ನಮ್ಮ ನೆಲದ ಒಂದು ಬೇರೂ ಕೂಡಿಕೊಂಡಿದೆ. ಸರ್ಪಗಂಧದ ಬೇರನ್ನು ಮಾನಸಿಕ ಅಸ್ವಸ್ಥತೆಗೂ ರಕ್ತದೊತ್ತಡಕ್ಕೂ ಬಳಸುವ ಬಗ್ಗೆ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ 1931ರಲ್ಲೇ ಬರೆದಿದ್ದರು. ಮುಂಬೈಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ 1949ರಲ್ಲಿ ರಕ್ತದೊತ್ತಡದ ಅನುಭವವನ್ನು ಬ್ರಿಟನ್ನಿನ ಪತ್ರಿಕೆಯಲ್ಲಿ ಪ್ರಕಟಿಸಿದರು. 1952ರಲ್ಲಿ ಸೀಬಾ ಕಂಪನಿಯವರು ಅದೇ ಬೇರಿನಿಂದ ರಿಸರ್ಪಿನ್ ಅನ್ನು ಬೇರ್ಪಡಿಸಿದರು. ರಿಸರ್ಪಿನ್ ಕೊಟ್ಟ ಪ್ರಾಣಿಗಳಲ್ಲಿ ಸಿರೊಟೋನಿನ್ ಸಂಗ್ರಹ ಬರಿದಾಗುತ್ತದೆ ಎಂದು 1955ರಲ್ಲಿ ತಿಳಿಯಿತು. ರಿಸರ್ಪಿನ್ ಸೇವಿಸಿದ ಕೆಲವು ರಕ್ತದೊತ್ತಡದ ರೋಗಿಗಳು ಮಂಕಾದರೆಂಬ ವರದಿಗಳೂ ಬಂದವು, ಆ ವರದಿಗಳ ಬಗ್ಗೆ ಮುಂದೆ ಅನುಮಾನಗಳೂ ಎದ್ದವು. ಇತ್ತ ನರಕೋಶವು ತಾನು ಹೊರಗೆ ಬಿಟ್ಟ ರಾಸಾಯನಿಕವನ್ನು ತಾನೇ ಮತ್ತೆ ಒಳಗೆ ಎಳೆದುಕೊಳ್ಳುತ್ತದೆ, ಇಮಿಪ್ರಮೀನ್ ಅದನ್ನು ತಡೆಯುತ್ತದೆ ಎಂದು ಜೂಲಿಯಸ್ ಆ್ಯಕ್ಸೆಲ್‌ರಾಡ್ ಅವರ ಕೆಲಸದಿಂದ ಗೊತ್ತಾಯಿತು. ಖಾಲಿಯಾದರೆ ಮಂಕು, ಹೆಚ್ಚಿಸಿದರೆ ಗುಣ. ಹಾಗಾದರೆ ಖಿನ್ನತೆಯೆಂದರೆ ಕೊರತೆ ಎಂಬ ತರ್ಕ 1960ರ ದಶಕದಲ್ಲಿ ರೂಪುಗೊಂಡಿತು. ಅಮೆರಿಕದ ಜೋಸೆಫ್ ಶಿಲ್ಡ್‌ಕ್ರಾಟ್ 1965ರಲ್ಲಿ ನಾರ್‌ಅಡ್ರಿನಲಿನ್ ಎಂಬ ಇನ್ನೊಂದು ನರರಾಸಾಯನಿಕದ ಕಡೆಗೆ ಬೆರಳು ತೋರಿಸಿದರೆ, ಬ್ರಿಟನ್ನಿನ ಅಲೆಕ್ ಕಾಪೆನ್ 1967ರಲ್ಲಿ ಸಿರೊಟೋನಿನ್ ಕಡೆಗೆ ತೋರಿಸಿದರು. ಸಂಶೋಧಕರಿಗೆ ಅದು ಪರೀಕ್ಷಿಸಬೇಕಾದ ಒಂದು ಊಹೆಯಾಗಿತ್ತು. ಅದನ್ನು ಸಿದ್ಧಸತ್ಯವೆಂಬಂತೆ ಜನರ ಮುಂದಿಟ್ಟದ್ದು ಬಹುಪಾಲು ಆಮೇಲಿನ ಜಾಹೀರಾತುಗಳು.

ನನ್ನ ವೃತ್ತಿಯವರಿಗೆ ಆ ಊಹೆ ಒಂದು ಸ್ಪಷ್ಟವಾದ ಕೆಲಸವನ್ನು ಕೊಟ್ಟಿತು. ಇಮಿಪ್ರಮೀನ್ ವರ್ಗದ ಔಷಧಗಳು ಹಲವು ಪ್ರೋಟೀನುಗಳನ್ನು ಒಟ್ಟಿಗೇ ಹಿಡಿಯುತ್ತಿದ್ದುದರಿಂದ ಬಾಯಿ ಒಣಗುವುದು, ಮಲಬದ್ಧತೆ, ಎದ್ದು ನಿಂತಾಗ ತಲೆಸುತ್ತು ಬರುತ್ತಿದ್ದವು, ಪ್ರಮಾಣ ಮೀರಿದರೆ ಹೃದಯದ ಬಡಿತವೇ ತಪ್ಪುತ್ತಿತ್ತು. ಸಿರೊಟೋನಿನ್ ಮರುಹೀರಿಕೆಯನ್ನು ಮಾತ್ರ ತಡೆದು ಉಳಿದವನ್ನು ಮುಟ್ಟದ ಅಣುವನ್ನು ಮಾಡಲು ಸಾಧ್ಯವೇ ಎಂಬುದು ಪ್ರಶ್ನೆಯಾಯಿತು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಮತ್ತು ಸಂಗಡಿಗರು ಬ್ರೋಮ್‌ಫೆನಿರಮೀನ್ ಎಂಬ ಅಲರ್ಜಿ ಔಷಧವನ್ನು ಬದಲಿಸಿ ಜಿಮೆಲಿಡಿನ್ ಮಾಡಿದರು. 1982ರಲ್ಲಿ ಮಾರುಕಟ್ಟೆಗೆ ಬಂದ ಅದನ್ನು ಗಿಲಾನ್–ಬಾರೆ ಎಂಬ ನರರೋಗ ಕೆಲವರಲ್ಲಿ ಕಾಣಿಸಿಕೊಂಡದ್ದರಿಂದ ಮರುವರ್ಷವೇ ಹಿಂತೆಗೆದುಕೊಳ್ಳಬೇಕಾಯಿತು. ಗುರಿಯನ್ನು ಸರಿಯಾಗಿ ಹಿಡಿದ ಅಣುವೂ ದೇಹದ ಬೇರೆಲ್ಲೋ ಸೋಲಬಹುದೆಂಬುದಕ್ಕೆ ನಾನು ವಿದ್ಯಾರ್ಥಿಗಳಿಗೆ ಇಂದಿಗೂ ಕೊಡುವ ಉದಾಹರಣೆ ಅದು.

ಅಮೆರಿಕದ ಎಲೈ ಲಿಲ್ಲಿ ಕಂಪನಿಯಲ್ಲಿ ಬ್ರಯನ್ ಮೊಲಾಯ್, ಡೇವಿಡ್ ವಾಂಗ್, ರೇ ಫುಲ್ಲರ್ ಅವರ ತಂಡವೂ ಅಲರ್ಜಿಯ ಔಷಧದಿಂದಲೇ ಹೊರಟಿತು: ಕೆಮ್ಮಿನ ಸಿರಪ್ಪಿನಲ್ಲಿ ನಮ್ಮಲ್ಲಿ ಅನೇಕರು ಕುಡಿದಿರುವ ಡೈಫೆನ್‌ಹೈಡ್ರಮೀನ್. ಅದರ ಚೌಕಟ್ಟಿನಿಂದ ಬೆಳೆದ ನಿಸಾಕ್ಸೆಟೀನ್ ಎಂಬ ಅಣುವಿನಲ್ಲಿ ಆಮ್ಲಜನಕಕ್ಕೆ ಅಂಟಿಕೊಂಡ ಬೆಂಜೀನ್ ಉಂಗುರದ ಮೇಲೆ, ಆ ಆಮ್ಲಜನಕದ ಪಕ್ಕದ ಸ್ಥಾನದಲ್ಲೇ ಒಂದು ಮೆಥಾಕ್ಸಿ ಗುಂಪು ಕುಳಿತಿದೆ. ಅದು ನಾರ್‌ಅಡ್ರಿನಲಿನ್ ಮರುಹೀರಿಕೆಯನ್ನು ತಡೆಯುತ್ತದೆ. ಆ ಗುಂಪನ್ನು ತೆಗೆದು, ಉಂಗುರದ ಎದುರು ತುದಿಯಲ್ಲಿ ಮೂರು ಫ್ಲೋರಿನ್ ಪರಮಾಣುಗಳುಳ್ಳ ಟ್ರೈಫ್ಲೋರೊಮೀಥೈಲ್ ಗುಂಪನ್ನು ಕೂರಿಸಿದರೆ ಅಣುವಿನ ಒಲವು ಸಿರೊಟೋನಿನ್ ಕಡೆಗೆ ತಿರುಗಿಬಿಡುತ್ತದೆ. ಅದೇ ಫ್ಲುಯಾಕ್ಸೆಟೀನ್. 1974ರಲ್ಲಿ ಅದರ ಬಗ್ಗೆ ಮೊದಲ ಪ್ರಬಂಧ ಬಂತು, 1987ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಉಂಗುರದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋದದ್ದರಿಂದ ಔಷಧದ ಗುರಿಯೇ ಬದಲಾದ ಈ ಸಂಗತಿ ನನಗೆ ಎಷ್ಟು ವರ್ಷ ಕಳೆದರೂ ಹಳತೆನಿಸಿಲ್ಲ.

ನಿಮ್ಮ ತಾಯಿಯವರ ಮಾತ್ರೆಯ ವಂಶ ಬೇರೆ. ಕೋಪನ್‌ಹೇಗನ್‌ನ ಲುಂಡ್‌ಬೆಕ್ ಕಂಪನಿಯಲ್ಲಿ ಟ್ಯಾಲೊಪ್ರಾಮ್ ಎಂಬ ಅಣುವಿತ್ತು. ಅದೂ ನಾರ್‌ಅಡ್ರಿನಲಿನ್ ಕಡೆಯದೇ. ಕ್ಲೌಸ್ ಬೋಗೆಸೊ ಎಂಬ ರಸಾಯನಶಾಸ್ತ್ರಜ್ಞರು ಅದರ ಒಂದು ಉಂಗುರದ ಮೇಲಿದ್ದ ಎರಡು ಮೀಥೈಲ್‌ಗಳನ್ನು ತೆಗೆದು, ಒಂದು ಕಡೆ ಸಯನೋ ಗುಂಪನ್ನೂ ಇನ್ನೊಂದು ಕಡೆ ಫ್ಲೋರಿನ್ ಅನ್ನೂ ಸೇರಿಸಿ, ಬಾಲದ ಸಾರಜನಕಕ್ಕೆ ಇನ್ನೊಂದು ಮೀಥೈಲ್ ಕೂಡಿಸಿದ ರೂಪವಾದ ಸಿಟಲೋಪ್ರಾಮ್ ಅನ್ನು 1972ರಲ್ಲಿ ತಯಾರಿಸಿದರು. ನಾಲ್ಕು ಕಡೆಗಳ ಈ ಸಣ್ಣ ಬದಲಾವಣೆಗಳಿಂದ ಅದು ಸಿರೊಟೋನಿನ್ ವಾಹಕವನ್ನು, ಅಂದರೆ ಸಿರೊಟೋನಿನ್ ಅನ್ನು ನರಕೋಶದೊಳಗೆ ಮತ್ತೆ ಎಳೆದುಕೊಳ್ಳುವ ಪ್ರೋಟೀನನ್ನು, ಬಹಳ ಆಯ್ಕೆಯಿಂದ ಹಿಡಿಯುವ ಅಣುವಾಯಿತು. 1989ರಲ್ಲಿ ಡೆನ್ಮಾರ್ಕಿನಲ್ಲಿ ಬಳಕೆಗೆ ಬಂತು. ಸಿಟಲೋಪ್ರಾಮ್‌ನಲ್ಲಿ ಒಂದು ಇಂಗಾಲದ ಪರಮಾಣುವಿನ ಸುತ್ತ ನಾಲ್ಕು ಬೇರೆ ಬೇರೆ ಗುಂಪುಗಳಿರುವುದರಿಂದ ಅದಕ್ಕೆ ಎರಡು ರೂಪಗಳಿವೆ. ನಮ್ಮ ಎಡಗೈ ಬಲಗೈಗಳ ಹಾಗೆ ಒಂದು ಇನ್ನೊಂದರ ಕನ್ನಡಿಬಿಂಬ, ಒಂದರ ಮೇಲೊಂದು ಕೂರುವುದಿಲ್ಲ. ಫ್ಲುಯಾಕ್ಸೆಟೀನ್‌ಗೂ ಹೀಗೆ ಎರಡು ರೂಪಗಳಿದ್ದರೂ ಅವು ಹೆಚ್ಚುಕಡಿಮೆ ಸಮಬಲದವು. ಸಿಟಲೋಪ್ರಾಮ್‌ನಲ್ಲಿ ಹಾಗಲ್ಲ, ಕೆಲಸದ ಹೆಚ್ಚಿನ ಪಾಲು ಎಸ್ ಎಂದು ಕರೆಯುವ ರೂಪದ್ದೇ. ಆ ಒಂದನ್ನೇ ಪ್ರತ್ಯೇಕಿಸಿ ಮಾಡಿದ್ದು ಎಸಿಟಲೋಪ್ರಾಮ್. ಅದರ 10 ಮಿಲಿಗ್ರಾಂ ಹಳೆಯ ಸಿಟಲೋಪ್ರಾಮ್‌ನ 20 ಮಿಲಿಗ್ರಾಂಗೆ ಸುಮಾರಾಗಿ ಸಮ ಎಂದು ವೈದ್ಯರು ಲೆಕ್ಕ ಹಾಕುವುದು ಈ ಕಾರಣಕ್ಕೆ.

ಇವೆಲ್ಲ ಹಿಡಿಯುವ ವಾಹಕ ಪ್ರೋಟೀನು 630 ಅಮೈನೋ ಆಮ್ಲಗಳ ಸರಪಣಿ. ಅದು ಕೋಶದ ಪೊರೆಯನ್ನು ಹನ್ನೆರಡು ಬಾರಿ ಹಾದುಹೋಗುತ್ತದೆ, ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳ ಹರಿವಿನ ಬಲದಿಂದ ಸಿರೊಟೋನಿನ್ ಅನ್ನು ಒಳಗೆ ಎಳೆಯುತ್ತದೆ. ಅದರ ಬಾಯಿ ಒಮ್ಮೆ ಹೊರಕ್ಕೆ ತೆರೆದರೆ ಇನ್ನೊಮ್ಮೆ ಒಳಕ್ಕೆ ತೆರೆಯುತ್ತದೆ. ಔಷಧದ ಅಣು ನಡುವಿನ ಕುಳಿಯಲ್ಲಿ ಸಿಕ್ಕಿಕೊಂಡು ಅದನ್ನು ಹೊರಮುಖ ಸ್ಥಿತಿಯಲ್ಲೇ ನಿಲ್ಲಿಸಿಬಿಡುತ್ತದೆ. ಇದು ಬರೀ ಊಹೆಯಲ್ಲ. 2016ರಲ್ಲಿ ಅಮೆರಿಕದ ಎರಿಕ್ ಗೂಯೊ ಅವರ ಪ್ರಯೋಗಾಲಯ ಮಾನವನ ಈ ಪ್ರೋಟೀನಿನ ಎಕ್ಸ್-ರೇ ರಚನೆಯನ್ನು, ಎಸಿಟಲೋಪ್ರಾಮ್ ಒಳಗೆ ಕುಳಿತಿರುವಂತೆಯೇ, ಪ್ರಕಟಿಸಿತು. ಅದಕ್ಕೆ ಮುಂಚೆ 2013ರಲ್ಲಿ ಅದೇ ಪ್ರಯೋಗಾಲಯದಲ್ಲಿ ಹಣ್ಣುನೊಣದ ಡೋಪಮೀನ್ ವಾಹಕ (ಡೋಪಮೀನ್ ಎಂಬ ನರರಾಸಾಯನಿಕವನ್ನು ಒಯ್ಯುವ ಇಂಥದೇ ಪ್ರೋಟೀನು) ಖಿನ್ನತೆ ನಿವಾರಕವೊಂದನ್ನು ಹಿಡಿದಿರುವ ರಚನೆಯನ್ನು ಬಿಡಿಸಿದವರಲ್ಲಿ ಮೊದಲಿಗರು ಅರವಿಂದ್ ಪೆನ್ಮತ್ಸ. 2015ರಲ್ಲಿ ಅದೇ ವಾಹಕದಲ್ಲಿ ನಿಸಾಕ್ಸೆಟೀನ್ ಕೂರುವ ಬಗೆಯನ್ನೂ ಅವರು ಸಂಗಡಿಗರೊಂದಿಗೆ ತೋರಿಸಿದರು. ಅವರು ಆಮೇಲೆ ನಮ್ಮ ಊರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಈ ವಾಹಕಗಳ ಕೆಲಸವನ್ನು ಮುಂದುವರಿಸಿದ್ದಾರೆ. ಮೊಲಾಯ್ ಕಾಲದ ರಸಾಯನಶಾಸ್ತ್ರಜ್ಞರು ಗುಂಪುಗಳನ್ನು ಅತ್ತಿತ್ತ ಸರಿಸಿ, ಇಲಿಯ ಮಿದುಳಿನ ಅಂಶದಲ್ಲಿ ಪರೀಕ್ಷಿಸಿ, ಕತ್ತಲಲ್ಲಿ ತಡಕಿದ್ದನ್ನು ಇಂದು ಪರಮಾಣುಗಳ ಮಟ್ಟದಲ್ಲಿ ನೋಡಬಹುದಾಗಿದೆ.

ಹೀಗೆ, ಮಾತ್ರೆ ಏನನ್ನು ಹಿಡಿಯುತ್ತದೆ ಎಂಬ ಮೊದಲ ಪ್ರಶ್ನೆಗೆ ಉತ್ತರ ಬಹಳ ಗಟ್ಟಿಯಾಗಿದೆ. ಎರಡನೆಯ ಪ್ರಶ್ನೆಯಲ್ಲಿ ಸ್ಥಿತಿ ಬೇರೆ. 2022ರಲ್ಲಿ ಜೊವಾನಾ ಮಾಂಕ್ರೀಫ್ ಮತ್ತು ಸಹೋದ್ಯೋಗಿಗಳು ಅದುವರೆಗಿನ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ, ಖಿನ್ನತೆ ಕಡಿಮೆ ಸಿರೊಟೋನಿನ್‌ನಿಂದ ಬರುತ್ತದೆ ಎನ್ನಲು ಸ್ಥಿರವಾದ ಆಧಾರವಿಲ್ಲ ಎಂದು ತೀರ್ಮಾನಿಸಿದರು. ಆ ವಿಮರ್ಶೆಯ ಕೆಲವು ಅಂಶಗಳನ್ನು ಇತರ ತಜ್ಞರು ಪ್ರಶ್ನಿಸಿದ್ದಾರೆ, ಆದರೂ ಸರಳ ಕೊರತೆಯ ಸಿದ್ಧಾಂತ ನಿಲ್ಲುವುದಿಲ್ಲವೆಂಬ ಮಾತನ್ನು ನಾನೂ ಒಪ್ಪುತ್ತೇನೆ. ಅದು ನಮ್ಮ ಕ್ಷೇತ್ರದವರಿಗೆ ಹೊಸದೂ ಆಗಿರಲಿಲ್ಲ. ಸಿರೊಟೋನಿನ್ ತಯಾರಿಕೆಗೆ ಬೇಕಾದ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲ ಆಹಾರದಲ್ಲಿ ಸಿಗದಂತೆ ಮಾಡಿ ಸಿರೊಟೋನಿನ್ ತಯಾರಿಕೆಯನ್ನು ತಾತ್ಕಾಲಿಕವಾಗಿ ಕುಗ್ಗಿಸಿದರೂ ಆರೋಗ್ಯವಂತರು ಸಾಮಾನ್ಯವಾಗಿ ಖಿನ್ನರಾಗುವುದಿಲ್ಲ. ಅದೇ ಪ್ರಯೋಗವನ್ನು ಸಿರೊಟೋನಿನ್ ಔಷಧದಿಂದ ಚೇತರಿಸಿಕೊಂಡವರಲ್ಲಿ ಮಾಡಿದಾಗ ಹಲವರಲ್ಲಿ ಲಕ್ಷಣಗಳು ಕೆಲವು ಗಂಟೆಗಳ ಮಟ್ಟಿಗೆ ಮರಳುತ್ತವೆ. ಈ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಕೊರತೆಯೇ ಕಾಯಿಲೆಯೆಂದು ಅವು ಹೇಳುವುದಿಲ್ಲ. ಔಷಧದ ಫಲ ಮಾತ್ರ ಸಿರೊಟೋನಿನ್ ದಾರಿಯಲ್ಲೇ ಬರುತ್ತಿದೆ ಎಂದು ಬಲವಾಗಿ ಸೂಚಿಸುತ್ತವೆ. ಇನ್ನು ಬುಪ್ರೊಪಿಯಾನ್‌ನಂಥ ಔಷಧಗಳು ಸಿರೊಟೋನಿನ್ ವಾಹಕವನ್ನು ಹೆಚ್ಚೇನೂ ಮುಟ್ಟದೆಯೂ ಖಿನ್ನತೆಗೆ ಕೆಲಸ ಮಾಡುತ್ತವೆ. ಚೇತರಿಕೆಗೆ ದಾರಿಗಳು ಒಂದಕ್ಕಿಂತ ಹೆಚ್ಚಿವೆ.

ಮೂರನೆಯ ಪ್ರಶ್ನೆಗೆ ಉತ್ತರ ಯಾವ ಸಿದ್ಧಾಂತದಿಂದಲೂ ಬರುವುದಿಲ್ಲ, ರೋಗಿಗಳ ಮೇಲಿನ ಪ್ರಯೋಗಗಳಿಂದಲೇ ಬರಬೇಕು. ಆಂಡ್ರಿಯಾ ಸಿಪ್ರಿಯಾನಿ ಮತ್ತು ಸಂಗಡಿಗರು 2018ರಲ್ಲಿ 522 ಪ್ರಯೋಗಗಳನ್ನು, 1,16,477 ರೋಗಿಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದರು. ಪರೀಕ್ಷಿಸಿದ 21 ಔಷಧಗಳೂ ಔಷಧಾಂಶವಿಲ್ಲದ ಹುಸಿಮಾತ್ರೆಗಿಂತ ಹೆಚ್ಚು ಫಲ ಕೊಟ್ಟಿದ್ದವು, ಎಸಿಟಲೋಪ್ರಾಮ್ ಅವುಗಳಲ್ಲಿ ಉತ್ತಮವಾಗಿ ನಿಂತವುಗಳಲ್ಲಿ ಒಂದು. ಆದರೆ ಸರಾಸರಿ ವ್ಯತ್ಯಾಸ ಸಾಧಾರಣವಾದದ್ದು ಎಂಬುದನ್ನೂ ಮುಚ್ಚಿಡಬಾರದು: ಹುಸಿಮಾತ್ರೆ ಪಡೆದ ನೂರು ಜನರಲ್ಲಿ ಸುಮಾರು 35ರಿಂದ 40 ಮಂದಿ ಗಣನೀಯವಾಗಿ ಸುಧಾರಿಸಿದರೆ, ಔಷಧ ಪಡೆದವರಲ್ಲಿ 50ರ ಆಸುಪಾಸಿನಲ್ಲಿ ಸುಧಾರಿಸುತ್ತಾರೆ. ಮೊದಲ ಔಷಧವೇ ಎಲ್ಲರಿಗೂ ಒಗ್ಗುವುದಿಲ್ಲವೆಂಬುದು, ಬದಲಿಸಬೇಕಾಗಬಹುದೆಂಬುದು ಇದರಿಂದಲೇ ತಿಳಿಯುತ್ತದೆ. ಸಾಧಾರಣ ಫಲವನ್ನು ಶೂನ್ಯ ಫಲವೆಂದು ಓದುವುದು ಮಾತ್ರ ತಪ್ಪು.

ಎರಡು ವಾರದ ಬಗ್ಗೆ ನಿಮಗಿರುವ ಆತಂಕ ಸಹಜ. ವಾಹಕವನ್ನು ತಡೆಯುವ ಕೆಲಸ ಮೊದಲ ಮಾತ್ರೆಯ ಕೆಲವೇ ಗಂಟೆಗಳಲ್ಲಿ ಆರಂಭವಾಗುತ್ತದೆ. ಆದರೆ ಮಿದುಳಿನ ಕಾಂಡದಲ್ಲಿರುವ, ಸಂಖ್ಯೆಯಲ್ಲಿ ಕೆಲವೇ ಲಕ್ಷವಿರುವ ಸಿರೊಟೋನಿನ್ ನರಕೋಶಗಳಿಗೆ ತಮ್ಮದೇ ಮಟ್ಟವನ್ನು ಅಳೆಯುವ 1ಎ ಗ್ರಾಹಕಗಳಿವೆ. ಸುತ್ತ ಸಿರೊಟೋನಿನ್ ಏರಿದ್ದನ್ನು ಕಂಡು ಅವು ನರಕೋಶದ ಚಟುವಟಿಕೆಯನ್ನು ತಗ್ಗಿಸಿಬಿಡುತ್ತವೆ, ಆದ್ದರಿಂದ ಮೊದಲ ದಿನಗಳಲ್ಲಿ ಔಷಧದ ಕೆಲಸಕ್ಕೆ ದೇಹವೇ ಕಡಿವಾಣ ಹಾಕುತ್ತದೆ. ಈ ಗ್ರಾಹಕಗಳು ಮಂದವಾಗಲು ವಾರಗಳು ಹಿಡಿಯುತ್ತವೆ. ಅದರಾಚೆಗೆ ನರಕೋಶಗಳ ನಡುವಿನ ಸಂಪರ್ಕಗಳೇ ನಿಧಾನವಾಗಿ ಬದಲಾಗುತ್ತವೆಂಬುದಕ್ಕೆ ಪ್ರಾಣಿಗಳ ಅಧ್ಯಯನಗಳಲ್ಲಿ ಆಧಾರವಿದೆ. ಫಿನ್ಲೆಂಡಿನ ಏರೊ ಕಾಸ್ಟ್ರೆನ್ ಅವರ ತಂಡ 2021ರಲ್ಲಿ, ಈ ಔಷಧಗಳು ನರಕೋಶಗಳ ಬೆಳವಣಿಗೆಗೆ ಸಂಬಂಧಿಸಿದ ಟಿಆರ್‌ಕೆ-ಬಿ ಎಂಬ ಗ್ರಾಹಕಕ್ಕೆ ನೇರವಾಗಿಯೇ ಅಂಟಿಕೊಳ್ಳುತ್ತವೆ ಎಂದು ವರದಿ ಮಾಡಿದೆ. ಆ ವಾದ ಇನ್ನೂ ಪರೀಕ್ಷೆಗೆ ಒಳಗಾಗುತ್ತಿದೆ. ವ್ಯವಹಾರದಲ್ಲಿ ನಿಮಗೆ ಬೇಕಾದುದು ಇಷ್ಟು: ಫಲ ಸಿಗುತ್ತಿದೆಯೇ ಎಂದು ತೀರ್ಮಾನಿಸಲು ಸರಿಯಾದ ಪ್ರಮಾಣದಲ್ಲಿ ನಾಲ್ಕರಿಂದ ಆರು ವಾರ, ವಯಸ್ಸಾದವರಲ್ಲಿ ಕೆಲವೊಮ್ಮೆ ಇನ್ನೂ ಸ್ವಲ್ಪ ಹೆಚ್ಚು, ಕಾಯಬೇಕಾಗುತ್ತದೆ.

ರಕ್ತಪರೀಕ್ಷೆಗೆ ಹಣ ಖರ್ಚು ಮಾಡಬೇಡಿ. ದೇಹದ ಸಿರೊಟೋನಿನ್‌ನಲ್ಲಿ ಸುಮಾರು ಶೇ. 90ರಷ್ಟು ಅಥವಾ ಅದಕ್ಕಿಂತ ಹೆಚ್ಚು ಇರುವುದು ಕರುಳಿನಲ್ಲಿ. ರಕ್ತದಲ್ಲಿ ಅಳೆಯುವುದು ಮುಖ್ಯವಾಗಿ ಕರುಳಿನಿಂದ ಬಂದು ಪ್ಲೇಟ್‌ಲೆಟ್‌ಗಳಲ್ಲಿ ತುಂಬಿಕೊಂಡ ಪಾಲನ್ನು. ರಕ್ತಕ್ಕೂ ಮಿದುಳಿಗೂ ನಡುವಿನ ತಡೆಯನ್ನು ಸಿರೊಟೋನಿನ್ ದಾಟುವುದಿಲ್ಲವಾದ್ದರಿಂದ ಆ ಅಂಕಿ ಮಿದುಳಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಇಲ್ಲಿ ಇನ್ನೊಂದು ಸಂಗತಿಯೂ ಇದೆ. ಪ್ಲೇಟ್‌ಲೆಟ್‌ಗಳು ಸಿರೊಟೋನಿನ್ ಅನ್ನು ಒಳಗೆ ತೆಗೆದುಕೊಳ್ಳುವುದು ಮಿದುಳಿನಲ್ಲಿರುವ ಅದೇ ವಾಹಕದ ಮೂಲಕ. ಎಸಿಟಲೋಪ್ರಾಮ್ ಅಲ್ಲಿಯೂ ಅದನ್ನು ತಡೆಯುತ್ತದೆ. ಹಾಗಾಗಿ ಮಾತ್ರೆ ಸರಿಯಾಗಿ ಕೆಲಸ ಮಾಡುತ್ತಿರುವವರ ರಕ್ತದಲ್ಲಿ ಸಿರೊಟೋನಿನ್ ಇಳಿದಿರುತ್ತದೆ. ಆ ವರದಿಯನ್ನು ಕೈಯಲ್ಲಿ ಹಿಡಿದು ಕೊರತೆ ಇನ್ನೂ ಹೆಚ್ಚಾಯಿತೆಂದು ಮನೆಯವರು ಹೆದರಿದರೆ ಅದು ವಿನಾಕಾರಣದ ಹೆದರಿಕೆ. ಈ ಬಗೆಯ ಪರೀಕ್ಷೆಗಳಿಗೆ ನಿಜವಾದ ಉಪಯೋಗವಿರುವುದು ಸಿರೊಟೋನಿನ್ ಸ್ರವಿಸುವ ಕಾರ್ಸಿನಾಯ್ಡ್ ಗಡ್ಡೆಗಳನ್ನು ಗುರುತಿಸುವುದರಲ್ಲಿ. ಆಗ ಮೂತ್ರದಲ್ಲಿ ಸಿರೊಟೋನಿನ್‌ನ ವಿಭಜಿತ ರೂಪವನ್ನು ಅಳೆಯುತ್ತಾರೆ, ಅದಕ್ಕೆ ಮುಂಚೆ ಬಾಳೆಹಣ್ಣು, ಅನಾನಸ್ ತಿನ್ನಬಾರದೆಂದು ಹೇಳುತ್ತಾರೆ. ಬಾಳೆಹಣ್ಣಿನಲ್ಲಿ ಸಿರೊಟೋನಿನ್ ಇರುವುದು ನಿಜ ಎಂಬುದಕ್ಕೆ ಅದೇ ಸಾಕ್ಷಿ, ಆದರೆ ಆ ಸಿರೊಟೋನಿನ್ ಮಿದುಳನ್ನು ತಲುಪುವುದಿಲ್ಲ. ಮಿದುಳು ತನಗೆ ಬೇಕಾದುದನ್ನು ಟ್ರಿಪ್ಟೊಫಾನ್‌ನಿಂದ ತಾನೇ ತಯಾರಿಸಿಕೊಳ್ಳುತ್ತದೆ. ಬೇಳೆ, ಹಾಲು, ಮೊಟ್ಟೆ ಸೇರಿದ ಸಾಧಾರಣ ಊಟದಲ್ಲಿ ಅದು ಸಾಕಷ್ಟಿರುತ್ತದೆ. ತಾಯಿಯವರ ಊಟ ಕಡಿಮೆಯಾಗಿದೆ ಎಂದಿದ್ದೀರಿ. ಅವರು ಸರಿಯಾಗಿ ಉಣ್ಣುವಂತೆ ನೋಡಿಕೊಳ್ಳುವುದು ಬೇರೆ ಎಲ್ಲ ಕಾರಣಗಳಿಗಾಗಿ ಮುಖ್ಯ.

ಈಗ ಅವರ ವಯಸ್ಸಿಗೆ ಸಂಬಂಧಿಸಿದ, ನಾನು ಬಹಳ ಕಾಳಜಿಯಿಂದ ಹೇಳುವ ಕೆಲವು ಮಾತುಗಳು. ಅರವತ್ತು ದಾಟಿದವರಲ್ಲಿ, ಅದರಲ್ಲೂ ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ, ಈ ವರ್ಗದ ಔಷಧಗಳು ರಕ್ತದ ಸೋಡಿಯಂ ಮಟ್ಟವನ್ನು ಇಳಿಸಬಹುದು. ಮೊದಲ ವಾರಗಳಲ್ಲಿ ಹೊಸದಾಗಿ ಗೊಂದಲ, ವಿಪರೀತ ಸುಸ್ತು, ನಡಿಗೆಯಲ್ಲಿ ತಡವರಿಕೆ ಕಂಡರೆ ತಡಮಾಡದೆ ವೈದ್ಯರಿಗೆ ತಿಳಿಸಿ. ಮಾಡಿಸಲು ಅರ್ಥವಿರುವ ರಕ್ತಪರೀಕ್ಷೆ ಸೋಡಿಯಂನದು. ಪ್ಲೇಟ್‌ಲೆಟ್‌ಗಳಲ್ಲಿ ಸಿರೊಟೋನಿನ್ ಕಡಿಮೆಯಾಗುವುದರಿಂದ ರಕ್ತ ಹೆಪ್ಪುಗಟ್ಟುವಿಕೆ ಸ್ವಲ್ಪ ಕುಗ್ಗುತ್ತದೆ. ಮಂಡಿನೋವಿಗೆಂದು ಮೆಡಿಕಲ್ ಶಾಪಿನಿಂದ ತಂದ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆಗಳನ್ನು ಅಥವಾ ಆಸ್ಪಿರಿನ್ ಅನ್ನು ಜೊತೆಗೆ ತೆಗೆದುಕೊಂಡರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಏರುತ್ತದೆ. ಹೃದಯಕ್ಕೆಂದು ವೈದ್ಯರೇ ಕೊಟ್ಟ ಆಸ್ಪಿರಿನ್ ಆಗಿದ್ದರೆ ನೀವಾಗಿ ನಿಲ್ಲಿಸದೆ ಕೇಳಿ. ಟ್ರಮಡಾಲ್ ಎಂಬ ನೋವಿನ ಔಷಧ, ಲಿನೆಜೋಲಿಡ್ ಎಂಬ ಆ್ಯಂಟಿಬಯಾಟಿಕ್, ಪೂರಕವೆಂದು ಮಾರುವ 5-ಎಚ್‌ಟಿಪಿ ಇವು ಎಸಿಟಲೋಪ್ರಾಮ್ ಜೊತೆ ಸೇರಿದರೆ ಸಿರೊಟೋನಿನ್ ಅತಿಯಾಗಿ ನಡುಕ, ಬೆವರು, ಜ್ವರ, ತಳಮಳ ಕಾಣಿಸಬಹುದು. ಬೇರೆ ಯಾವ ವೈದ್ಯರ ಬಳಿ ಹೋದರೂ ಈ ಮಾತ್ರೆಯ ಹೆಸರು ಹೇಳಲು ತಾಯಿಯವರಿಗೂ ತಿಳಿಸಿಕೊಡಿ.

ಎಂದಾದರೂ ನಿಲ್ಲಿಸುವ ಸಮಯ ಬಂದಾಗ ಪ್ರಮಾಣವನ್ನು ವೈದ್ಯರು ಹೇಳಿದಂತೆ ಹಂತಹಂತವಾಗಿಯೇ ಇಳಿಸಬೇಕು. ಫ್ಲುಯಾಕ್ಸೆಟೀನ್ ಮತ್ತು ಅದರಿಂದ ದೇಹದಲ್ಲಿ ಹುಟ್ಟುವ ನಾರ್‌ಫ್ಲುಯಾಕ್ಸೆಟೀನ್ ವಾರಗಟ್ಟಲೆ ಉಳಿಯುವುದರಿಂದ ಅದು ತಾನಾಗಿಯೇ ನಿಧಾನವಾಗಿ ಇಳಿಯುತ್ತದೆ. ಎಸಿಟಲೋಪ್ರಾಮ್‌ನ ಅರ್ಧಾಯುಷ್ಯ (ಅದರ ಪ್ರಮಾಣ ದೇಹದಲ್ಲಿ ಅರ್ಧಕ್ಕಿಳಿಯುವ ಸಮಯ) ಸುಮಾರು 30 ಗಂಟೆ, ವಯಸ್ಸಾದವರಲ್ಲಿ ಇನ್ನಷ್ಟು ಹೆಚ್ಚು. ಥಟ್ಟನೆ ಬಿಟ್ಟರೆ ಕೆಲವು ದಿನಗಳಲ್ಲೇ ತಲೆಸುತ್ತು, ಕಿರಿಕಿರಿ, ಕರೆಂಟ್ ಹೊಡೆದಂಥ ಅನುಭವ ಬರಬಹುದು, ಅದನ್ನು ಕಾಯಿಲೆ ಮರಳಿತೆಂದು ತಪ್ಪು ತಿಳಿಯುವವರೂ ಇದ್ದಾರೆ. ಈ ನಡುವೆ ತಾಯಿಯವರು ಬದುಕು ಸಾಕೆಂಬ ಮಾತನಾಡಿದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ. ಟೆಲಿ ಮಾನಸ್‌ನ 14416 ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಹೊಸೂರು ರಸ್ತೆಯ ನಿಮ್ಹಾನ್ಸ್‌ನ ತುರ್ತು ವಿಭಾಗವೂ ಬನಶಂಕರಿಯಿಂದ ದೂರವಿಲ್ಲ.